ಇಪ್ಪತ್ತು ಬಾಲಗಳ ಗುಟ್ಟು

ಇಂಗ್ಲಿಷ್ ಭಾಷೆಯಲ್ಲಿ ಈವರೆಗೆ ಯಾರು ಏನೇ ಬರೆದಿರಲಿ, ಅದನ್ನೆಲ್ಲ ನಾನು ಒಂದು ಸಲವಾದರೂ ಬಾಯಿಬಿಟ್ಟು ಓದಿ ಮುಗಿಸಿದ್ದೇನೆ. ಇನ್ನು ಹನ್ನೊಂದೇ ಹನ್ನೊಂದು ವಾಕ್ಯ ಬಾಕಿ. ಅವನ್ನೂ ಯಾರೋ ಎಲ್ಲೋ ಕೂತು ಬರೆಯುತ್ತಿದ್ದಾರಂತೆ. ಮಸಿ ಒಣಗಿದ ಕೂಡಲೇ ನನ್ನ ಮೇಜಿಗೇ ಬರುತ್ತವೆ. ನಾನು ಓದಲು ಕೂತರೆ ಗೋಡೆಯ ಗಡಿಯಾರ ತನ್ನ ಸದ್ದು ನಿಲ್ಲಿಸಿ ಕೇಳಿಸಿಕೊಳ್ಳುತ್ತದೆ. ನಮ್ಮ ಕೋಣೆಯ ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವುದು ಅದಕ್ಕೇ. ರಿಪೇರಿಯವನು ಮೂರು ಸಲ ಬಂದು ಸೆಲ್ಲು ಬದಲಿಸಿ ಹೋದ. ಪಾಪ, ಅವನಿಗೇನು ಗೊತ್ತು!

ಓದುವುದೇ ನನ್ನ ಉದ್ಯೋಗ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಗುಟ್ಟಾಗಿ ಅಚ್ಚು ಹಾಕುವ ಮುದ್ರಣಾಲಯ ನಮ್ಮದು. ಅದರ ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಎದುರುಬದುರು ಎರಡು ಕುರ್ಚಿಗಳಿವೆ. ಒಂದರಲ್ಲಿ ನಾನು ಮೂಲಪ್ರತಿ ಹಿಡಿದು ಓದುತ್ತೇನೆ. ಇನ್ನೊಂದರಲ್ಲಿ ಕೂತವರು ಅಚ್ಚಾದ ಕರಡಿನ ಮೇಲೆ ಕೆಂಪು ಪೆನ್ನು ಹಿಡಿದು, ನನ್ನ ಓದಿಗೂ ಕರಡಿಗೂ ತಾಳೆ ನೋಡುತ್ತಾ ತಪ್ಪು ತಿದ್ದುತ್ತಾರೆ. ಆ ಕೆಂಪು ಪೆನ್ನಿನಿಂದಾಗಿಯೇ ಅವರಿಗೆ ಕೆಂಪಕ್ಕ ಎಂದು ಹೆಸರು. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ. ನಾನು ಮೊದಲು ಅಲ್ಲಿ ಕಾಗದದ ಬಂಡಲು ಹೊರುತ್ತಿದ್ದವನು. ಬಂಡಲು ಎಣಿಸುತ್ತಾ ನಾನು ಹಾಕುತ್ತಿದ್ದ ಕೂಗು ಮೂರು ಮಹಡಿ ಹತ್ತಿ ಅವರ ಕಿವಿಗೆ ಬಿದ್ದು, "ಆ ನಗಾರೀನ ಮೇಲಕ್ಕೆ ಕಳಿಸಿ, ಓದೋಕೆ ಕಲಿಸ್ತೀನಿ" ಎಂದರಂತೆ. ಅಂದಿನಿಂದ ನಾನು ಎಲ್ಲರಿಗೂ ನಗಾರಿ.

ಕರಡು ಓದುವುದೆಂದರೆ ಕಥೆ ಓದಿದಂತಲ್ಲ. ಚುಕ್ಕಿ, ಗೆರೆ, ಅಲ್ಪವಿರಾಮ ಎಲ್ಲವನ್ನೂ ಬಾಯಲ್ಲಿ ಹೇಳಬೇಕು. "ಹೀ ಈಸ್ ಲೇಟ್, ಕಾಮಾ, ಈಸಂಟ್ ಹೀ, ಕ್ವಶ್ಚನ್ ಮಾರ್ಕ್" ಎಂದು ಓದಬೇಕು. ಅದೂ ಪಿಸುದನಿಯಲ್ಲಿ. ಗುಟ್ಟಿನ ಕೋಣೆಯಲ್ಲಿ ಯಾರೂ ದನಿ ಎತ್ತುವಂತಿಲ್ಲ ಎಂಬುದು ನಿಯಮ. ನಗಾರಿಗೆ ಪಿಸುಗುಟ್ಟಲು ಹೇಳುವುದೆಂದರೆ ಆನೆಗೆ ತುದಿಗಾಲಲ್ಲಿ ನಡೆ ಎಂದ ಹಾಗೆ. ಆದರೂ ನಡೆದೆ. ಲೋಕದಲ್ಲಿ ನನ್ನಷ್ಟು ಚೆನ್ನಾಗಿ ಪಿಸುಗುಟ್ಟುವ ಆನೆ ಇನ್ನೊಂದಿಲ್ಲ.

ಈ ಸಲದ ಇಂಗ್ಲಿಷ್ ಪತ್ರಿಕೆಯ ನಾಲ್ಕನೆಯ ಭಾಗ ಪೂರ್ತಿ ಬಾಲಪ್ರಶ್ನೆಗಳು, ಅಂದರೆ ಕ್ವಶ್ಚನ್ ಟ್ಯಾಗುಗಳು. ಒಟ್ಟು ಇಪ್ಪತ್ತು. ವಾಕ್ಯ ಕೊಟ್ಟಿರುತ್ತಾರೆ, ಕೊನೆಗೆ ಅಂಟಿಸುವ ಪುಟ್ಟ ಪ್ರಶ್ನೆಯ ಜಾಗ ಖಾಲಿ. ಅದನ್ನು ತುಂಬಬೇಕು. ಮೌಲ್ಯಮಾಪಕರಿಗೆ ಕೊಡುವ ಉತ್ತರಸೂಚಿಯೂ ನಮ್ಮಲ್ಲೇ ಅಚ್ಚಾಗುವುದರಿಂದ ನಾನು ಬಾಲಸಮೇತ ಓದುತ್ತಿದ್ದೆ. ಮೊದಲ ಕರಡಿನ ದಿನವೇ ನನಗೆ ತಲೆ ಕೆಟ್ಟಿತು.

"ಕನ್ನಡದಲ್ಲಿ ಒಂದು 'ಅಲ್ವಾ' ಇದ್ರೆ ಮುಗೀತು ಅಕ್ಕ," ಎಂದೆ. "ಅವನು ಬಂದ, ಅಲ್ವಾ. ಅವಳು ಬರಲಿಲ್ಲ, ಅಲ್ವಾ. ನಾಳೆ ರಜೆ, ಅಲ್ವಾ. ಎಲ್ಲದಕ್ಕೂ ಒಂದೇ ಬಾಲ. ಇವರಿಗೇನು ಬಂತು ದೊಡ್ಡ ರೋಗ?"

"ಇವರದ್ದು ಅಳತೆ ತಗೊಂಡು ಹೊಲಿಯೋ ಬಾಲ ಕಣೋ," ಎಂದರು ಕೆಂಪಕ್ಕ, ಕರಡಿನಿಂದ ಕಣ್ಣೆತ್ತದೆ. "ವಾಕ್ಯದಲ್ಲಿ ಹೌದು ಇದ್ರೆ ಬಾಲದಲ್ಲಿ ಇಲ್ಲ. ವಾಕ್ಯದಲ್ಲಿ ಇಲ್ಲ ಇದ್ರೆ ಬಾಲದಲ್ಲಿ ಹೌದು. ಹೀ ಈಸ್ ಲೇಟ್ ಅಂದ್ರೆ ಈಸಂಟ್ ಹೀ. ಶೀ ಡಿಡಂಟ್ ಕಮ್ ಅಂದ್ರೆ ಡಿಡ್ ಶೀ."

"ವಾಕ್ಯದಲ್ಲಿ ಈಸೂ ಇಲ್ಲ, ಹ್ಯಾಸೂ ಇಲ್ಲ ಅಂದ್ರೆ? ಯು ಲೈಕ್ ಟೀ ಅಂತಷ್ಟೇ ಇದ್ರೆ?"

"ಆಗ ಡು ಅನ್ನೋದನ್ನ ಕರ್ಕೊಂಡು ಬರ್ಬೇಕು. ಡೋಂಟ್ ಯು. ಲೆಟ್ಸ್ ಗೋ ಅಂದ್ರೆ ಶಾಲ್ ವಿ. ನೋಬಡಿ ಕೇಮ್ ಅಂದ್ರೆ ಆ ನೋಬಡೀಲೇ ಇಲ್ಲ ಅನ್ನೋದು ಅಡಗಿದೆ ನೋಡು, ಅದಕ್ಕೆ ಡಿಡ್ ದೇ."

"ಐ ಆಮ್ ಗ್ರೇಟ್ ಅಂದ್ರೆ ಆಮಂಟ್ ಐ?"

"ಆರಂಟ್ ಐ. ಅದೊಂದು ಹಟಮಾರಿ. ಆದ್ರೆ ನಿನಗೆ ಅದು ಬೇಕಾಗಲ್ಲ ಬಿಡು. ನಾನು ಗ್ರೇಟಾ ಅಂತ ನೀನು ಯಾರನ್ನೂ ಕೇಳಲ್ವಲ್ಲ, ನೀನೇ ತೀರ್ಪು ಕೊಟ್ಕೋತೀಯ."

ಆಮೇಲೆ ದನಿಯ ವಿಷಯ ಹೇಳಿಕೊಟ್ಟರು. ಬಾಲವನ್ನು ಮೇಲಕ್ಕೆ ಎತ್ತಿ ಕೇಳಿದರೆ ಕೇಳುವವನಿಗೆ ನಿಜವಾಗಿಯೂ ಗೊತ್ತಿಲ್ಲ ಎಂದರ್ಥ. ಕೆಳಕ್ಕೆ ಇಳಿಸಿ ಕೇಳಿದರೆ ಗೊತ್ತೇ ಇದೆ, ಎದುರಿನವರ ಬಾಯಿಂದ ಹೊರಡಿಸಬೇಕಷ್ಟೆ. ಮೂರು ದಿನ ಮೂರು ಕರಡು ಓದಿದೆವು; ಮೊದಲನೆಯದು ಮುಗಿಯುವಷ್ಟರಲ್ಲೇ ಇಪ್ಪತ್ತೂ ವಾಕ್ಯ ನನಗೆ ಬಾಯಿಪಾಠ. ನನ್ನ ಜ್ಞಾಪಕಶಕ್ತಿ ಅಂಥದ್ದು. ಹುಟ್ಟಿದ ದಿನ ಸೂಲಗಿತ್ತಿ ಏನೇನು ಹೇಳಿದಳೆಂದು ಈಗ ಕೇಳಿದರೂ ಹೇಳಬಲ್ಲೆ.

ಪರೀಕ್ಷೆಯ ದಿನ ಮಧ್ಯಾಹ್ನ ಮ್ಯಾನೇಜರಿಗೆ ಫೋನ್ ಬಂತು. ಗಾಜಿನ ಬಾಗಿಲಿನ ಆಚೆ ಅವರು ಕೂತಿದ್ದವರು ಎದ್ದು ನಿಂತರು, ನಿಂತಿದ್ದವರು ಮತ್ತೆ ಕೂತರು. ಹೊರಗೆ ಬಂದಾಗ ಮುಖ ಒಗೆದು ಹಿಂಡಿದ ಬಟ್ಟೆಯಾಗಿತ್ತು.

ವಿಷಯ ಇಷ್ಟು. ಆ ಇಪ್ಪತ್ತು ಬಾಲಪ್ರಶ್ನೆಗಳು, ಅದೇ ಕ್ರಮದಲ್ಲಿ, ಉತ್ತರಸಮೇತ, ಹಿಂದಿನ ಸಂಜೆಯೇ ಯಾವುದೋ ಟ್ಯೂಷನ್ನಿನಲ್ಲಿ ಪಾಠವಾಗಿವೆ. ಪರೀಕ್ಷೆ ಬರೆದು ಬಂದ ಹುಡುಗಿಯೊಬ್ಬಳ ನೋಟ್ಸು ಸಿಕ್ಕಿಬಿದ್ದಿದೆ. ಪರೀಕ್ಷೆ ರದ್ದು. ನಾಳೆ ಹನ್ನೊಂದಕ್ಕೆ ಪರೀಕ್ಷಾ ಕಚೇರಿಯ ಅಧಿಕಾರಿಣಿ ಆ ನೋಟ್ಸಿನ ಹಾಳೆ ಹಿಡಿದು ಬರುತ್ತಾರೆ. ಅಷ್ಟರಲ್ಲಿ ಗುಟ್ಟು ಹೊರಗೆ ಬಿಟ್ಟವರು ಯಾರೆಂದು ಮುದ್ರಣಾಲಯವೇ ಹೇಳಬೇಕು.

ಆ ಪುಟವನ್ನು ಕಣ್ಣಾರೆ ಕಂಡವರು ಮೂವರೇ: ಕೆಂಪಕ್ಕ, ನಾನು, ಮತ್ತು ಕಾಗದ ಕತ್ತರಿಸುವ ಯಂತ್ರದ ಕತ್ತರಿಮಾವ. ಬಾಗಿಲಲ್ಲಿ ಗೇಟಿನಣ್ಣ ದಿನಾ ಎಲ್ಲರನ್ನೂ ತಡಕುತ್ತಾನೆ. ಜೇಬು, ಕಾಲುಚೀಲ, ಕೊಡೆಯ ಮಡಿಕೆ, ಊಟದ ಡಬ್ಬಿ ಯಾವುದನ್ನೂ ಬಿಡುವುದಿಲ್ಲ. ಒಂದು ಸಲ ನನ್ನ ಕಿವಿಯಲ್ಲಿ ಟಾರ್ಚು ಬಿಟ್ಟಿದ್ದ. ಮೆದುಳು ನೋಡಿ ಅವನ ಕಣ್ಣು ಕುಕ್ಕಿ ಎರಡು ದಿನ ರಜೆ ಹಾಕಿದ. ಇಂಥವನನ್ನು ದಾಟಿ ಹಾಳೆ ಹೇಗೆ ಹೋಯಿತು? ನನಗೇನೂ ಗೊತ್ತಿರಲಿಲ್ಲ.

"ಸಾರ್," ಎಂದೆ ಎದೆ ಉಬ್ಬಿಸಿ, "ಈ ಕೆಲಸ ನನಗೆ ಬಿಡಿ. ಸಂಜೆಯೊಳಗೆ ಕಳ್ಳನ್ನ ಹಿಡಿದು ನಿಮ್ಮ ಮೇಜಿನ ಮೇಲೆ ಪೇಪರ್‌ವೇಟ್ ಥರ ಇಡ್ತೀನಿ."

"ನೀನೂ ಆ ಮೂವರಲ್ಲಿ ಒಬ್ಬ," ಎಂದರು ಮ್ಯಾನೇಜರು.

"ಅದಕ್ಕೇ ಸಾರ್. ಒಳಗಿನವನಿಗೇ ಒಳಗಿನದು ಕಾಣೋದು."

ಆ ಮಧ್ಯಾಹ್ನ ಆ ಮಹಡಿಯಲ್ಲಿ ಯಾರೂ ಯಾರನ್ನೂ ನೇರ ನೋಡಲಿಲ್ಲ. ಒಬ್ಬರು ಕೆಮ್ಮಿದರೆ ಇಬ್ಬರು ತಿರುಗುತ್ತಿದ್ದರು. ಯಾರಾದರೂ ಕೈ ಜೇಬಿಗೆ ಹಾಕಿದರೆ ಉಳಿದವರ ಕಣ್ಣು ಜೊತೆಗೇ ಜೇಬಿಗೆ ಇಳಿಯುತ್ತಿತ್ತು. ನೀರಿನ ಫಿಲ್ಟರಿನ ಹತ್ತಿರ ಲೋಟ ಹಿಡಿದು ನಿಂತ ಗೇಟಿನಣ್ಣನ ಮೇಲೂ ನನಗೆ ಅನುಮಾನ ಹುಟ್ಟಿತು: ಅಷ್ಟು ಹೊತ್ತು ನೀರು ಕುಡಿಯುವವನ ಮನಸ್ಸಿನಲ್ಲಿ ಏನಿರಬಹುದು?

ಆದರೆ ನನ್ನ ಮುಖ್ಯ ಗುರಿ ಕತ್ತರಿಮಾವ. ಆತ ಮಾತು ಕಡಿಮೆಯ ಮನುಷ್ಯ. ಮಾತು ಕಡಿಮೆ ಇರುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಅಷ್ಟೊಂದನ್ನು ಎಲ್ಲಿ ಇಟ್ಟುಕೊಂಡಿರುತ್ತಾರೆ? ಅಲ್ಲದೆ ಒಂದು ತಿಂಗಳಿಂದ ಆತ ಯಂತ್ರದ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ಒಬ್ಬನೇ ಊಟ ಮಾಡುತ್ತಿದ್ದ. ಮೂರು ಅಂತಸ್ತಿನ ಡಬ್ಬಿಯಲ್ಲಿ ಮೇಲಿನ ಎರಡು ಮಾತ್ರ ತೆರೆಯುತ್ತಿದ್ದ. ಕೆಳಗಿನದನ್ನು ಎಲ್ಲರೂ ಎದ್ದು ಹೋದ ಮೇಲೆ ಮಾತ್ರ ಮುಟ್ಟುತ್ತಿದ್ದ.

"ಮಾವ, ಡಬ್ಬಿ ಚೆನ್ನಾಗಿದೆ," ಎಂದೆ ಹತ್ತಿರ ಹೋಗಿ.

"ಹ್ಞೂಂ," ಎಂದ ಬಾಯಿ ಮುಚ್ಚಿಕೊಂಡೇ.

"ಕೆಳಗಡೆ ಏನಿದೆ?"

"ಹ್ಞೂಂಹ್ಞೂಂ."

"ಒಂದು ತುತ್ತು ನನಗೂ ಇರಲಿ," ಎಂದವನೇ ಡಬ್ಬಿ ಕಿತ್ತುಕೊಂಡು, ಮ್ಯಾನೇಜರ ಕೋಣೆಗೆ ಓಡಿ, ಅವರ ಕಣ್ಣೆದುರೇ ಕೆಳಗಿನ ಅಂತಸ್ತು ತೆರೆದೆ.

ಒಳಗೆ ಒದ್ದೆ ಬಟ್ಟೆಯ ಮೇಲೆ ಎರಡು ಸಾಲು ಹಲ್ಲು ನಮ್ಮನ್ನು ನೋಡಿ ನಗುತ್ತಿದ್ದವು.

ಹಿಂದಿನಿಂದ ಓಡಿ ಬಂದ ಕತ್ತರಿಮಾವ ಅವನ್ನು ಕಸಿದುಕೊಂಡು ಬಾಯಿಗೆ ಹಾಕಿಕೊಂಡ. ಆಗಲೇ ಆತ ಇಡೀ ತಿಂಗಳಿನ ಮಾತನ್ನು ಒಂದೇ ಉಸಿರಿಗೆ ಆಡಿದ್ದು. "ಹೊಸ ಸೆಟ್ಟು ಕಣೋ ಮುಂಡೇದೆ! ವಸಡು ಒತ್ತತ್ತೆ, ಹಾಕ್ಕೊಂಡು ಅಗಿಯೋಕಾಗಲ್ಲ. ಬೊಚ್ಚುಬಾಯಿ ಅಂತ ಆಡ್ಕೋತೀರ ಅಂತ ಮುಚ್ಚಿಟ್ಕೊಂಡಿದ್ದೆ. ಈಗ ಸಮಾಧಾನ ಆಯ್ತಾ? ನಿನ್ನ ಬಾಯಿ ಇದ್ಯಲ್ಲ, ಅದನ್ನ ಯಾವ ಡಬ್ಬೀಲಿಡ್ತೀಯ?"

ಮ್ಯಾನೇಜರು ಡಬ್ಬಿಯನ್ನು ಬೆರಳ ತುದಿಯಿಂದ ದೂರ ತಳ್ಳಿ ನನ್ನನ್ನು ನೋಡಿದರು. ಅವರ ನೋಟದಲ್ಲಿ ಮೊದಲ ಸಲ ನನ್ನ ಕಡೆಗೂ ಒಂದು ಸಣ್ಣ ಅನುಮಾನ ಹೊರಳಿದ್ದು ಕಂಡಿತು. ಅಂಥ ನೋಟ ನನ್ನ ಮೇಲೆ ಬಹಳ ಹೊತ್ತು ನಿಲ್ಲುವುದನ್ನು ನಾನು ಸಹಿಸಲಾರೆ.

"ಮೂವರಲ್ಲಿ ಒಬ್ಬ ಹೋದ," ಎಂದರು ಅವರು. "ಕೆಂಪಕ್ಕ ಇಪ್ಪತ್ತಾರು ವರ್ಷದವರು. ಅವರ ಮನೇಲಿ ಪರೀಕ್ಷೆ ಬರೆಯೋರು ಯಾರೂ ಇಲ್ಲ. ಇದ್ದಿದ್ರೆ ಫಾರಂ ಬರ್ಕೊಡ್ತಿದ್ರು. ಉಳಿದಿದ್ದು..."

"ಯಾರು ಹೇಳಿದ್ರು ಇಲ್ಲ ಅಂತ?" ಎಂದೆ. ನನಗೆ ಗೊತ್ತಿಲ್ಲದ ಸಂಗತಿ ಆ ಕಟ್ಟಡದಲ್ಲಿ ಇರಬಾರದು ಎಂಬುದು ನನ್ನ ಹಳೆಯ ಚಟ. "ಅವರ ತಂಗಿ ಮಗಳು ಮೂರು ತಿಂಗಳಿಂದ ಅಲ್ಲೇ ಇದ್ದಾಳೆ. ಇದೇ ಪರೀಕ್ಷೆ. ಹಾಸಿಗೆ ಪಕ್ಕ ಪುಸ್ತಕದ ಗುಡ್ಡೆ. ಈ ಊರಿನ ಯಾವ ಮನೆಯ ಯಾವ ಕೋಣೇಲಿ ಎಷ್ಟು ಪುಸ್ತಕ ಇದೆ ಅಂತ ನನ್ನನ್ನ ಕೇಳಿ ಸಾರ್."

ಹೇಳಿ ಮುಗಿದ ಮೇಲೆ ಮಾತು ವಾಪಸು ಬರುತ್ತದೆಯೇನೋ ಎಂದು ಬಾಯಿ ತೆರೆದೇ ನಿಂತೆ. ಬರಲಿಲ್ಲ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಮನೆಯಲ್ಲಿ ಯಾರಾದರೂ ಪರೀಕ್ಷೆ ಬರೆಯುವವರಿದ್ದರೆ ವರ್ಷದ ಮೊದಲಲ್ಲೇ ಬರೆದುಕೊಡಬೇಕು. ಆ ಪತ್ರಿಕೆಯ ಕೆಲಸ ಅವರಿಗೆ ಕೊಡುವುದಿಲ್ಲ. ಬರೆದುಕೊಡದೆ ಸಿಕ್ಕಿಬಿದ್ದರೆ ಕೆಲಸದಿಂದ ತೆಗೆಯಲೂಬಹುದು. ಮ್ಯಾನೇಜರು ಕೆಂಪಕ್ಕನನ್ನು ಕರೆಸಿದರು.

"ನಿಮ್ಮ ತಂಗಿ ಮಗಳು ನಿಮ್ಮ ಮನೇಲೇ ಇದ್ದಾಳೆ, ಅಲ್ವಾ?" ಎಂದರು. ದನಿ ಮೇಲಕ್ಕೆ ಏಳಲಿಲ್ಲ. ಸೀದಾ ಕೆಳಕ್ಕೆ ಇಳಿದು ಮೇಜಿನ ಮೇಲೆ ಕೂತಿತು.

"ಇದ್ದಾಳೆ," ಎಂದರು ಕೆಂಪಕ್ಕ.

"ಇದೇ ಪರೀಕ್ಷೆ ಬರೆದಿದ್ದಾಳೆ, ಅಲ್ವಾ?"

"ಹೌದು."

"ನೀವು ಬರೆದುಕೊಟ್ಟಿಲ್ಲ, ಅಲ್ವಾ?"

"ವರ್ಷದ ಮೊದಲಲ್ಲಿ ಅವಳು ನಮ್ಮ ಮನೇಲಿರಲಿಲ್ಲ. ಆಮೇಲೆ ಬಂದಳು. ಫಾರಂ ಆಗಲೇ ಕೊಟ್ಟಾಗಿತ್ತು. ಮತ್ತೆ ಕೊಡ್ಬೇಕು ಅಂತ ಹೊಳೀಲಿಲ್ಲ. ತಪ್ಪು ನನ್ನದೇ. ಆದ್ರೆ ಒಂದಕ್ಷರ ಅವಳ ಹತ್ರ ಆಡಿಲ್ಲ."

"ಹಾಗಂತ ನೀವು ಹೇಳ್ತೀರಿ."

"ಇಪ್ಪತ್ತಾರು ವರ್ಷದಿಂದ ಹೇಳ್ತಿದ್ದೀನಿ," ಎಂದರು ಅವರು. "ಇವತ್ತು ಮೊದಲ್ನೇ ಸಲ ನೀವು ಅನುಮಾನದಿಂದ ಕೇಳಿಸ್ಕೋತಿದ್ದೀರಿ."

ಮ್ಯಾನೇಜರು ಕಿಟಕಿಯ ಕಡೆ ತಿರುಗಿದರು. ನಾಳೆ ಅಧಿಕಾರಿಣಿ ಬಂದಾಗ ಬೇರೆ ದಾರಿಯಿಂದ ಗುಟ್ಟು ಹೋದದ್ದು ಗೊತ್ತಾಗದಿದ್ದರೆ ಕೆಂಪಕ್ಕ ಕೆಲಸ ಬಿಡಬೇಕಾಗುತ್ತದೆ ಎಂದರು. ಗುಟ್ಟು ಮಾರಿದವರೆಂದು ಹೆಸರು ಬಿದ್ದರೆ ಮುಂದೆ ಯಾವ ಮುದ್ರಣಾಲಯವೂ ಅವರನ್ನು ಸೇರಿಸುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ; ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆಂಪಕ್ಕ ಹೊರಡುವಾಗ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ತಂಗಿ ಮಗಳು ಬಂದ ವಿಷಯ ಅವರು ಹೇಳಿಕೊಂಡಿದ್ದು ನನ್ನೊಬ್ಬನ ಹತ್ತಿರ.

ಸಂಜೆ ಮನೆಗೆ ಹೋದಾಗ ನನ್ನ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಕಾಲರುಗಳು ಒಂದರ ಮೇಲೊಂದು ಗೋಪುರದಂತೆ ನಿಂತಿದ್ದವು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವ ಕಲೆ ಅವಳಿಗೆ ಒಲಿದಿದೆ.

"ಏನ್ರೀ, ಇವತ್ತು ಯಾವ ರಾಜ್ಯ ಗೆದ್ದು ಬಂದ್ರಿ?"

ನಡೆದದ್ದನ್ನು ಹೇಳಿದೆ. ಸ್ವಲ್ಪ ರಂಗು ಹಚ್ಚಿ ಹೇಳಿದೆ; ಹಲ್ಲಿನ ಭಾಗಕ್ಕೆ ಎರಡು ಪಟ್ಟು ಹಚ್ಚಿದೆ. ಅವಳು ನಗಲಿಲ್ಲ. ಪಿನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಕೆಂಪಕ್ಕನಾ? ನಿಮ್ಮನ್ನ ಬಂಡಲ್ ಕೆಳಗಿಂದ ಎಳೆದು ಕುರ್ಚಿ ಮೇಲೆ ಕೂರಿಸಿದ ಕೆಂಪಕ್ಕನಾ? ಅವರ ಮನೆ ವಿಷಯ ಮ್ಯಾನೇಜರಿಗೆ ಹೇಳಿದ್ದು ಯಾರು?"

"ಯಾರೋ," ಎಂದೆ.

"ಯಾರೋ ಅನ್ನೋವಾಗ ನಿಮ್ಮ ಕಿವಿ ಯಾಕೆ ಕೆಂಪಾಯ್ತು?"

"ಸೆಕೆ."

ತಟ್ಟೆ ಹಾಕಿದಳು. ನಾನು ಎರಡು ತುತ್ತು ತಿಂದು ಕೈ ತೊಳೆಯಲು ಎದ್ದೆ. ಅವಳು ಅಡ್ಡ ನಿಂತಳು. "ಮದುವೆಯಾಗಿ ಹದಿನಾಲ್ಕು ವರ್ಷ. ಬೇರೆಯವರ ಕಷ್ಟಕ್ಕೆ ನಿಮ್ಮ ಹಸಿವು ಹೋಗಿದ್ದನ್ನ ನಾನು ನೋಡೇ ಇಲ್ಲ. ಅಳಬೇಕಾದ್ರೂ ಊಟ ಮುಗಿಸಿ ಅಳೋರು ನೀವು. ಏನೋ ಇದೆ. ಹೇಳಿ."

"ಏನಿಲ್ಲ ಮಾರಾಯ್ತಿ."

"ಏನಿಲ್ಲ ಅಂತ ನೀವು ಇಷ್ಟು ಮೆಲ್ಲಗೆ ಹೇಳಿದ್ದನ್ನೂ ನಾನು ಕೇಳಿಲ್ಲ," ಎಂದಳು, ದೀಪದ ಬೆಳಕಿಗೆ ನನ್ನ ಮುಖ ತಿರುಗಿಸಿ ನೋಡುತ್ತಾ. ಸರಿಯಾಗಿ ಕೂರದ ಕಾಲರನ್ನು ಅವಳು ನೋಡುವುದು ಹಾಗೇ.

ಮರುದಿನ ಹನ್ನೊಂದಕ್ಕೆ ಅಧಿಕಾರಿಣಿ ಬಂದರು. ಸಣ್ಣ ಆಕಾರ, ದೊಡ್ಡ ಚೀಲ. ಮ್ಯಾನೇಜರ ಮೇಜಿನ ಸುತ್ತ ಕೆಂಪಕ್ಕ, ಕತ್ತರಿಮಾವ, ಗೇಟಿನಣ್ಣ, ನಾನು. ಅಧಿಕಾರಿಣಿ ಚೀಲದಿಂದ ಎರಡಾಗಿ ಮಡಿಸಿದ ಹಾಳೆ ತೆಗೆದರು.

"ಟ್ಯೂಷನ್ ಮೇಷ್ಟ್ರ ನೋಟ್ಸನ್ನ ಹುಡುಗಿ ಇದ್ದ ಹಾಗೇ ನಕಲು ಮಾಡ್ಕೊಂಡ ಹಾಳೆ ಇದು. ಇದು ನಿಮ್ಮ ಯಾವ ಕರಡಿಂದ ಹೋಗಿದೆ, ಮೊದಲ್ನೇದಾ, ಕೊನೇದಾ? ಅದು ಗೊತ್ತಾದ್ರೆ ಯಾವತ್ತು ಹೋಯ್ತು ಅಂತ ಗೊತ್ತಾಗುತ್ತೆ. ನೋಡಿ ಹೇಳ್ತೀರಾ?" ಎಂದು ಕೆಂಪಕ್ಕನ ಮುಂದೆ ಇಟ್ಟರು.

ಕೆಂಪಕ್ಕ ಹಾಳೆ ಮುಟ್ಟಲಿಲ್ಲ. "ಬರೀ ಕಣ್ಣಲ್ಲಿ ನೋಡಿದ್ರೆ ತಪ್ಪು ಜಾರಿಹೋಗುತ್ತೆ ಮೇಡಂ. ನಮ್ಮ ಕೆಲಸದ ರೀತಿ ಬೇರೆ. ಅವನು ಅದನ್ನ ಓದ್ಲಿ. ನಾನು ಮೂರು ಕರಡನ್ನೂ ಮುಂದಿಟ್ಕೊಂಡು ಕೇಳಿಸ್ಕೋತೀನಿ. ಎಲ್ಲಿ ಸೇರುತ್ತೋ ಹೇಳ್ತೀನಿ."

ಕೆಲಸ ಹೋಗಲಿರುವ ದಿನವೂ ಆಕೆ ಕೆಲಸವನ್ನು ಕೆಲಸದಂತೆಯೇ ಮಾಡಲು ಹೊರಟಿದ್ದರು. ಹಾಳೆ ನನ್ನ ಕೈಗೆ ಬಂತು. ನನ್ನ ಕೈ ನಡುಗಲಿಲ್ಲ. ಮೇಜು ನಡುಗಿತು, ಅದರ ಮೇಲೆ ನನ್ನ ಕೈ ಇತ್ತು ಅಷ್ಟೆ.

ಓದತೊಡಗಿದೆ. "ಹೀ ಈಸ್ ಲೇಟ್, ಈಸಂಟ್ ಹೀ."

"ತಡೀರಿ," ಎಂದರು ಅಧಿಕಾರಿಣಿ, ನನ್ನ ಹೆಗಲ ಮೇಲಿಂದ ಬಗ್ಗಿ. "ಅಲ್ಲಿರೋದು ಹಾಗಲ್ಲ. ಇರೋ ಹಾಗೇ ಓದಿ."

ಹಾಳೆಯಲ್ಲಿ ಅಲ್ಪವಿರಾಮದ ಗುರುತಿನ ಬದಲು ಕಾಮಾ ಎಂದು ಅಕ್ಷರದಲ್ಲಿ ಬರೆದಿತ್ತು. ಕೊನೆಗೆ ಕ್ವಶ್ಚನ್ ಮಾರ್ಕ್ ಎಂದೂ ಅಕ್ಷರದಲ್ಲೇ ಇತ್ತು. ಇರುವ ಹಾಗೇ ಓದಿದೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

ಕೆಂಪಕ್ಕನ ಪೆನ್ನು ಕರಡಿನ ಮೇಲೆ ನಿಂತಿತು.

"ಮೇಡಂ," ಎಂದರು ನಿಧಾನವಾಗಿ, "ಮೇಷ್ಟ್ರು ಇದನ್ನ ನೋಡಿ ಬರೆದಿದ್ದಲ್ಲ. ಕೇಳಿ ಬರೆದಿದ್ದು. ಹಾಳೆ ಹೊರಗೆ ಹೋಗೇ ಇಲ್ಲ. ದನಿ ಹೋಗಿದೆ."

ಗೇಟಿನಣ್ಣ ಮೊದಲ ಸಲ ಉಸಿರು ಬಿಟ್ಟ. ಕತ್ತರಿಮಾವ ನನ್ನ ಕಡೆ ತಿರುಗಿದ. ಮ್ಯಾನೇಜರೂ ತಿರುಗಿದರು. ಕೆಂಪಕ್ಕ ಮಾತ್ರ ತಿರುಗಲಿಲ್ಲ. "ಓದು," ಎಂದರು.

ಇಪ್ಪತ್ತೂ ಓದಿದೆ. ಕೊನೆಕೊನೆಗೆ ನನ್ನ ದನಿ ಎಷ್ಟು ಸಣ್ಣದಾಯಿತೆಂದರೆ ಇರುವೆ ಕೂಡ "ಸ್ವಲ್ಪ ಜೋರಾಗಿ" ಎನ್ನುತ್ತಿತ್ತು. "ಮುಗೀತು," ಎಂದು ಹಾಳೆ ಕೆಳಗಿಟ್ಟೆ.

"ಹಿಂದೆ ತಿರುಗಿಸಿ," ಎಂದರು ಅಧಿಕಾರಿಣಿ.

ತಿರುಗಿಸಿದೆ. ನೋಡಿದೆ. "ಖಾಲಿ," ಎಂದೆ.

"ಖಾಲಿ ಅಲ್ಲ. ಇಪ್ಪತ್ತೊಂದನೇದು ಒಂದಿದೆ. ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಅದಿಲ್ಲ. ಅದು ಅರ್ಥವಾಗ್ದೇ ಇರೋದಕ್ಕೇ ನಾನು ಬಂದಿದ್ದು. ಓದಿ."

ಓದಿದೆ. ಬೇರೆ ದಾರಿ ಇರಲಿಲ್ಲ. "ನಗಾರಿ ಈಸ್ ದ ಬೆಸ್ಟ್ ರೀಡರ್ ಇನ್ ದ ವರ್ಲ್ಡ್, ಕಾಮಾ, ಈಸಂಟ್ ಹೀ, ಕ್ವಶ್ಚನ್ ಮಾರ್ಕ್."

ನಗಾರಿ ಲೋಕದಲ್ಲೇ ಅತ್ಯುತ್ತಮ ಓದುಗ, ಅಲ್ಲವೇ.

"ಈ ನಗಾರಿ ಅಂದ್ರೆ ಯಾರು?" ಎಂದು ಕೇಳಿದರು ಅಧಿಕಾರಿಣಿ.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಉತ್ತರ ಅವರಿಗೆ ಅದರಿಂದಲೇ ಸಿಕ್ಕಿತು.

"ಆ ಮೇಷ್ಟ್ರು ಒಂದು ಕಥೆ ಹೇಳಿದ್ರು. ನಾವು ನಂಬಿರಲಿಲ್ಲ," ಎಂದರು ಅವರು. "ಅವರ ಟ್ಯೂಷನ್ ನಿಮ್ಮ ಹಿಂದಿನ ಕಟ್ಟಡದಲ್ಲಿದೆ. ಗೋಡೆ ಆಚೆಯಿಂದ ಯಾರೋ ಅದ್ಭುತವಾಗಿ ಪಾಠ ಒಪ್ಪಿಸ್ತಿದ್ರಂತೆ, ಮೂರು ದಿನ. ಎದುರಾಳಿ ಟ್ಯೂಷನ್ ಶುರುವಾಗಿದೆ, ಅವರ ನೋಟ್ಸು ಕದ್ದುಬಿಡೋಣ ಅಂತ ಬರ್ಕೊಂಡ್ರಂತೆ. ಅಷ್ಟು ಗಟ್ಟಿಯಾಗಿ ಕೂಗಿ ಹೇಳೋದು ಗುಟ್ಟು ಅಂತ ತಮಗೆ ಹೇಗೆ ಗೊತ್ತಾಗ್ಬೇಕು ಅಂತ ನನ್ನನ್ನೇ ಕೇಳಿದ್ರು. ನಿಮ್ಮ ಹಿಂದಿನ ಗೋಡೆಗೆ ಏನಿದೆ?"

"ಟಾಯ್ಲೆಟ್ಟು," ಎಂದ ಗೇಟಿನಣ್ಣ.

"ನಗಾರಿ," ಎಂದರು ಮ್ಯಾನೇಜರು. ಅವರು ಅಷ್ಟು ಮೆಲ್ಲಗೆ ನನ್ನನ್ನು ಯಾವತ್ತೂ ಕರೆದಿರಲಿಲ್ಲ.

ಹೇಳಿದೆ. ಕಾರಿಡಾರಿನ ಕೊನೆಯ ಆ ಟಾಯ್ಲೆಟ್ಟಿನಲ್ಲಿ ಮಾತಾಡಿದರೆ ದನಿ ಗುಂಯ್ ಎಂದು ನಾಲ್ಕು ಗೋಡೆಗೂ ಬಡಿದು ನಾಲ್ಕು ಪಟ್ಟಾಗಿ ಕಿವಿಗೆ ವಾಪಸು ಬರುತ್ತದೆ. ಇಡೀ ದಿನ ಕೋಣೆಯಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ನನಗೆ ಉಸಿರು ಕಟ್ಟುತ್ತಿತ್ತು. ಕರಡು ಓದಿದ ಮೂರೂ ದಿನ, ಬಾಗಿಲು ಹಾಕಿಕೊಂಡು, ಇಪ್ಪತ್ತೂ ವಾಕ್ಯಗಳನ್ನು ಬಾಯಿಪಾಠವಾಗಿ, ಕಾಮಾ ಸಮೇತ, ನನ್ನ ನಿಜವಾದ ದನಿಯಲ್ಲಿ ಓದಿದೆ. ಕಾಗದ ಒಯ್ಯಲಿಲ್ಲ, ಒಳಗಿನವರ ಕಿವಿಯಲ್ಲಿ ಯಂತ್ರಗಳ ಸದ್ದಿತ್ತು, ಅದಕ್ಕೇ ಯಾರೂ ಹಿಡಿಯಲಿಲ್ಲ. ಮೇಲೊಂದು ಕಿಂಡಿ ಇದೆ; ಅದು ಆಚೆ ಎಲ್ಲಿಗೆ ತೆರೆಯುತ್ತದೆಂದು ನೋಡಲಿಲ್ಲ. ಮೂರನೆಯ ದಿನ ತುಂಬ ಚೆನ್ನಾಗಿ ಬಂತು. ಚಪ್ಪಾಳೆ ಹೊಡೆಯಲು ಅಲ್ಲಿ ಯಾರೂ ಇರಲಿಲ್ಲವಲ್ಲ, ಅದಕ್ಕೆ ಕೊನೆಗೆ ಒಂದು ವಾಕ್ಯ ನಾನೇ ಸೇರಿಸಿಕೊಂಡೆ.

ಕತ್ತರಿಮಾವನಿಗೆ ನಗು ತಡೆಯಲಾಗಲಿಲ್ಲ. ಹಲ್ಲಿಗೆ ಕೈ ಅಡ್ಡ ಹಿಡಿದು ನಕ್ಕ. ಬೇರೆ ಯಾರೂ ನಗಲಿಲ್ಲ.

"ಕೆಂಪಕ್ಕ ಏನೂ ಮಾಡಿಲ್ಲ ಮೇಡಂ," ಎಂದೆ. "ಅವರ ತಂಗಿ ಮಗಳಿಗೂ ಇದಕ್ಕೂ ಸಂಬಂಧ ಇಲ್ಲ. ಮಾಡಿದ್ದು ನಾನೊಬ್ಬನೇ. ಹಾಗೇ ಬರ್ಕೊಳ್ಳಿ."

ಅಧಿಕಾರಿಣಿ ಬರೆದುಕೊಂಡರು. ಮ್ಯಾನೇಜರು ಕೆಂಪಕ್ಕನ ಕಡೆ ತಿರುಗಿ, ಅವರ ಮುಂದಿದ್ದ ಕರಡುಗಳನ್ನು ತಾವೇ ಜೋಡಿಸಿಟ್ಟರು.

ಆಗ ಕೆಂಪಕ್ಕ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾವಾಗ ಗೊತ್ತಾಯ್ತು ನಿನಗೆ? ಈಗ, ಆ ಹಿಂದಿನ ಪುಟ ನೋಡಿದಾಗಲಾ?"

ಹೌದು ಎಂದು ಬಿಡಬಹುದಿತ್ತು. ಅವರು ನಂಬುತ್ತಿದ್ದರು, ನಂಬಲು ಒಂದು ಜಾಗ ಮಾಡಿಕೊಟ್ಟೇ ಕೇಳಿದ್ದರು.

"ಇಲ್ಲ ಅಕ್ಕ. ನಿನ್ನೆ ಮಧ್ಯಾಹ್ನ. ಫೋನ್ ಬಂದ ತಕ್ಷಣ. ಇಪ್ಪತ್ತೂ, ಅದೇ ಕ್ರಮದಲ್ಲಿ, ಉತ್ತರಸಮೇತ ಅಂದ್ರಲ್ಲ, ಹಾಗೆ ಒಪ್ಪಿಸಿದವನು ಈ ಕಟ್ಟಡದಲ್ಲಿ ನಾನೊಬ್ಬನೇ. ಆಮೇಲೇ ನಾನು ಕಳ್ಳನ್ನ ಹಿಡಿಯೋಕೆ ಹೊರಟಿದ್ದು."

"ಮಾವನ ಡಬ್ಬಿ ತೆಗೆದಾ?"

"ತೆಗೆದೆ."

"ನನ್ನ ಮನೆ ವಿಷಯ?"

"ಅದೂ ನಾನೇ ಹೇಳಿದೆ ಅಕ್ಕ. ಗೊತ್ತಿದ್ದೂ ಹೇಳಿದೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನನಗೇನೂ ಗೊತ್ತಿರಲಿಲ್ಲ ಎಂದು ಇದೇ ಕಥೆಯಲ್ಲಿ ನಿಮಗೂ ಹೇಳಿದೆ, ಅದು ಸುಳ್ಳು. ಕೆಂಪಕ್ಕನ ಮನೆಯ ಮಾತು ಬಾಯಿ ಜಾರಿ ಬಂದಂತೆ, ವಾಪಸು ಬರಲೆಂದು ಕಾದಂತೆ ಬರೆದೆ, ಅದೂ ಸುಳ್ಳು. ಮ್ಯಾನೇಜರ ಕಣ್ಣು ನನ್ನ ಮೇಲೆ ನಿಂತಿತ್ತು, ಅದನ್ನು ಇನ್ನೊಬ್ಬರ ಮೇಲೆ ಸರಿಸಬೇಕಿತ್ತು. ಹತ್ತಿರದಲ್ಲಿ ಇದ್ದವರು ಕೆಂಪಕ್ಕ. ನನಗೆ ಭಯವಾಗಿತ್ತು, ಅಷ್ಟೆ.